ಒಂಬೈನೂರ ನಲವತ್ತು ಹಲ್ಲಿನ ಹಸಿರು ಎತ್ತು

ನಮ್ಮ ಪಾಲಾಕ್ಷ ಮಾವನಿಗೆ ಕಂಪ್ಯೂಟರ್ ಗೊತ್ತು ಎಂಬ ಸುದ್ದಿಯನ್ನು ಮೊಳಕಾಲ್ಮೂರಿನಲ್ಲಿ ಹಬ್ಬಿಸಿದವನು ಪಾಲಾಕ್ಷ ಮಾವನೇ. ಅದಕ್ಕೆ ಅವನು ಹೆಚ್ಚು ಕಷ್ಟಪಡಲಿಲ್ಲ. ಚಳ್ಳಕೆರೆಯಲ್ಲಿ ಮೂರು ತಿಂಗಳ ಕೋರ್ಸಿಗೆ ಸೇರಿದ, ಒಂದೂವರೆ ತಿಂಗಳು ಹೋದ, ಉಳಿದ ಒಂದೂವರೆ ತಿಂಗಳು ಬಸ್ಸು ಸಿಗಲಿಲ್ಲವೆಂದು ಬಿಟ್ಟ, ಸರ್ಟಿಫಿಕೇಟಿಗೆ ಮಾತ್ರ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ನಮ್ಮ ಕಡೆ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಇರುವವರು ಒಂದೋ ದೇವರು, ಇಲ್ಲವೇ ತೀರಿಕೊಂಡ ಹಿರಿಯರು. ಆ ಸಾಲಿಗೆ ಸೇರಿದ್ದನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ಮಾವ ರೇಷ್ಮೆ ನೇಕಾರರ ಸಂಘದಲ್ಲಿ ಹಂಗಾಮಿ ಗುಮಾಸ್ತ. ಹನ್ನೊಂದು ವರ್ಷದಿಂದ ಹಂಗಾಮಿ. ಅವನ ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ 'ಸಂಘದ ಗುಮಾಸ್ತ, ಸದ್ಯದಲ್ಲೇ ಖಾಯಂ' ಎಂದು ಅಚ್ಚಾಗಿತ್ತು. ಆ ಪತ್ರಿಕೆಯನ್ನು ಗೀತಮ್ಮತ್ತೆ ಇನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ಜಗಳ ಬಂದಾಗ ಹೊರಗೆ ತೆಗೆಯುತ್ತಾಳೆ, ಏನೂ ಮಾತಾಡದೆ ಮಾವನ ತಟ್ಟೆಯ ಪಕ್ಕ ಇಡುತ್ತಾಳೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಇವರ ಮನೆಯಲ್ಲೇ ಇದ್ದೇನೆ. ಸಂಘದ ಪಡಸಾಲೆಯಲ್ಲಿ ಕೂತು ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುವುದು ನನ್ನ ಕೆಲಸ. ರಾಟೆ ತಿರುಗಿಸುವವಳನ್ನು ಜನ ರಾಟೆಯ ಜೊತೆಗೇ ಸೇರಿಸಿ ನೋಡುತ್ತಾರೆ. ಅದರಿಂದ ಯಾರೇ ಏನೇ ಮಾತಾಡಲಿ, ನನ್ನೆದುರಿಗೇ ಮಾತಾಡುತ್ತಾರೆ.

ಎರಡು ಸಾವಿರದ ಐದನೇ ಇಸವಿಯಲ್ಲಿ ಮೇಲಿನ ಕಚೇರಿಯಿಂದ ಸಂಘಕ್ಕೆ ಒಂದು ಕಾಗದ ಬಂತು. ಸೀರೆಯ ಅಂಚು, ಸೆರಗು, ಬುಟ್ಟಾಗಳ ನಕ್ಷೆಗಳನ್ನೆಲ್ಲ ಇಟ್ಟುಕೊಳ್ಳಲು ಸರ್ವರ್ ಎಂಬ ದೊಡ್ಡ ಕಂಪ್ಯೂಟರನ್ನು ಸರ್ಕಾರ ಕೊಡಿಸುತ್ತದೆ. ಅದರ ಮಿದುಳಿಗೆ ಪ್ರೊಸೆಸರ್ ಎನ್ನುತ್ತಾರೆ. ಮಿದುಳುಗಳು ಎರಡು ಕಂಪನಿಯವು ಇವೆ. ಯಾವುದು ಬೇಕೆಂದು ಸಂಘವೇ ಕೆಲಸ, ಬೆಲೆ, ಕರೆಂಟಿನ ಖರ್ಚು ಈ ಮೂರನ್ನೂ ಹೋಲಿಸಿ ಎಂಟು ದಿನದಲ್ಲಿ ವರದಿ ಕಳಿಸಬೇಕು. ತಪ್ಪಿದರೆ ಸರ್ವರ್ ಬೇರೆ ಸಂಘಕ್ಕೆ ಹೋಗುತ್ತದೆ.

ಅಧ್ಯಕ್ಷ ನಾಗಭೂಷಣಪ್ಪನವರು ಕಾಗದ ಮಡಚಿ ಕೇಳಿದರು.

"ಏನ್ಲಾ ಪಾಲಾಕ್ಷ, ಇವೆರಡೂ ನಿನಗೆ ಗೊತ್ತೈತಾ?"

'ಇಲ್ಲ' ಎನ್ನುವುದಕ್ಕೆ ಎರಡೇ ಅಕ್ಷರ ಸಾಕಿತ್ತು. ಕಮಿಟಿಯ ಐದು ಜನ ಮಾವನ ಮುಖವನ್ನೇ ನೋಡುತ್ತಿದ್ದರು.

"ಗೊತ್ತಿರೋವೇ ಕಣ್ರಿ," ಎಂದ ಮಾವ. "ಒಂದರ ಜೊತೆ ಸ್ವಲ್ಪ ಜಾಸ್ತಿ ಒಡನಾಟ."

"ಹಂಗಾದ್ರೆ ಕೇಳು. ವರದಿ ಪಾಸಾತು ಅಂದ್ರೆ ಮುಂದಿನ ಸರ್ವಸಭೆಯಾಗೆ ನಿನ್ನ ಖಾಯಂ ಮಾಡೋ ವಿಷಯ ಇಡ್ತೀನಿ. ಫೇಲಾತು ಅಂದ್ರೆ ನಮ್ಮಕ್ಕನ ಮಗ ಬಿಎಸ್ಸಿ ಮಾಡ್ಕಂಡು ಮನ್ಯಾಗೆ ಕುಂತವ್ನೆ. ಅವನೂ ಕಂಪ್ಯೂಟರ್ ಮುಟ್ಟವ್ನೆ."

ಮಾವ ಧೈರ್ಯವಾಗಿ ನಕ್ಕ. ಆ ನಗು ಮನೆ ತಲುಪುವ ತನಕವೂ ಮುಖದಲ್ಲಿ ಹಾಗೇ ಇತ್ತು, ತೆಗೆಯಲು ಮರೆತಿದ್ದ.

ಮನೆಯಲ್ಲಿ ಮಾವ ಕಾಗದದ ಜೊತೆ ಬಂದಿದ್ದ ಎರಡೂ ಕಂಪನಿಗಳ ಪುಸ್ತಕಗಳನ್ನು ಬಿಡಿಸಿಕೊಂಡು ಕೂತ. ಒಂದರ ರಟ್ಟು ನೀಲಿ, ಇನ್ನೊಂದರದು ಹಸಿರು. ಒಳಗೆ ಪೂರಾ ಇಂಗ್ಲಿಷು. ಮೂರು ದಿನದಲ್ಲಿ ಮಾವ ಅರ್ಥ ಮಾಡಿಕೊಂಡಿದ್ದು ಅಂಕಿಗಳನ್ನು ಮಾತ್ರ. ನೀಲಿಯ ವೇಗ ಮೂರು ಪಾಯಿಂಟ್ ಆರು, ಹಸಿರಿನದು ಎರಡು ಪಾಯಿಂಟ್ ನಾಲ್ಕು. ನೀಲಿ ನೂರಹತ್ತು ವ್ಯಾಟ್ ಕರೆಂಟು ಎಳೆಯುತ್ತದೆ, ಹಸಿರು ತೊಂಬತ್ತು. ಆದರೂ ಕೆಲಸದಲ್ಲಿ ಹಸಿರೇ ಮುಂದೆ ಎಂದು ಹಸಿರು ಪುಸ್ತಕದಲ್ಲಿ ಒಂದು ಚಿತ್ರವಿತ್ತು.

"ಇದು ಹೆಂಗೆ? ಓಡೋದು ಕಡಿಮೆ ಅಂತೆ, ಮುಂದೆ ಹೋಗೋದು ಜಾಸ್ತಿ ಅಂತೆ," ಎಂದು ಮಾವ ತಲೆ ಹಿಡಿದುಕೊಂಡ.

ಆಗ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವನು ಓಬಯ್ಯಜ್ಜ. ಅಜ್ಜ ಎತ್ತಿನ ದಲ್ಲಾಳಿ. ನಲವತ್ತೈದು ವರ್ಷದಿಂದ ಈ ಆಂಧ್ರ ಗಡಿಯ ಎರಡೂ ಕಡೆಯ ಸಂತೆಗಳಲ್ಲಿ ಎತ್ತು ಮಾರಿಸುತ್ತಾನೆ. ಕನ್ನಡದವರ ಹತ್ತಿರ ಕನ್ನಡದಲ್ಲಿ, ತೆಲುಗಿನವರ ಹತ್ತಿರ ತೆಲುಗಿನಲ್ಲಿ, ಎತ್ತಿನ ಹತ್ತಿರ ಎರಡರಲ್ಲೂ ಮಾತಾಡುತ್ತಾನೆ.

"ಚೂಡು ನಾಯನಾ, ಇಲ್ಲಿ ನೋಡು," ಎಂದು ಅಜ್ಜ ಒಳಗೆ ಇಣುಕಿದ. "ಎತ್ತಿನಾಗೂ ಹಂಗೇ ಐತೆ. ಒಂದು ಎತ್ತು ಪಟಪಟ ಪಟಪಟ ಹೆಜ್ಜೆ ಹಾಕ್ತೈತೆ. ನೋಡಿದೋನು ಅಬ್ಬಬ್ಬಾ ಅಂತಾನೆ. ಇನ್ನೊಂದು ನಿಧಾನಕ್ಕೆ ಹೋಗ್ತೈತೆ, ಆದ್ರೆ ಒಂದೊಂದು ಹೆಜ್ಜೆಗೂ ನೇಗಿಲು ಮೊಳ ಮುಂದಕ್ಕೆ. ಸಂಜೆಗೆ ಹೊಲ ನೋಡು, ನಿಧಾನದ್ದೇ ಎರಡು ಸಾಲು ಜಾಸ್ತಿ ಹೊಡೆದಿರ್ತೈತೆ. ಹೆಜ್ಜೆ ಎಣಿಸಬ್ಯಾಡ ಕಣಪ್ಪಾ, ಸಾಲು ಎಣಿಸು."

ಮಾವನ ಬಾಯಿ ತೆರೆದುಕೊಂಡಿತು. "ಮತ್ತೆ ಕರೆಂಟು?"

"ಅದು ಮೇವು. ಕೆಲಸ ಎಷ್ಟು, ಮೇವು ಎಷ್ಟು, ಬೆಲೆ ಎಷ್ಟು. ಈ ಮೂರು ಬಿಟ್ಟು ನಮ್ಮಪ್ಪನೂ ಏನೂ ನೋಡ್ಲಿಲ್ಲ, ನಾನೂ ನೋಡಿಲ್ಲ. ಹಾಂ, ಹಲ್ಲು ನೋಡ್ಬೇಕು. ಹಲ್ಲು ನೋಡ್ದೆ ವ್ಯಾಪಾರ ಇಲ್ಲ."

ಮರುದಿನ ಬೆಳಗ್ಗೆ ಮಾವ ಓಬಯ್ಯಜ್ಜನನ್ನು ಕರೆದುಕೊಂಡು ಚಳ್ಳಕೆರೆಗೆ ಹೊರಟ. ಮಾವ ಬಸ್ಸಿನಲ್ಲಿ ಏನಾದರೂ ಮರೆತುಬರುವ ಮನುಷ್ಯ. ಮರೆಯದ ಹಾಗೆ ನೋಡಿಕೊಳ್ಳಲು ಅತ್ತೆ ನನ್ನನ್ನೂ ಕಳಿಸಿದಳು. ಹೋಗುವಾಗಲೇ ಮಾವ ಛತ್ರಿ ಬಿಟ್ಟಿಳಿದ, ನಾನು ತೆಗೆದುಕೊಂಡೆ.

ಗೋವರ್ಧನನ ಕಂಪ್ಯೂಟರ್ ಅಂಗಡಿ ಎಣ್ಣೆ ಮಿಲ್ಲುಗಳ ರಸ್ತೆಯಲ್ಲಿತ್ತು. ಇಡೀ ಅಂಗಡಿ ಶೇಂಗಾ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಗೋವರ್ಧನ ಟೈ ಕಟ್ಟಿಕೊಂಡಿದ್ದ. ತೋರಿಸುವುದಕ್ಕೆಂದು ಎರಡು ಪ್ರೊಸೆಸರುಗಳನ್ನು ಬೆಂಗಳೂರಿನಿಂದ ತರಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಒಂದೊಂದೂ ಕೋಡುಬಳೆಯಷ್ಟು ಅಗಲ, ಅಷ್ಟೇ.

"ಇದೇನಾ? ಇಷ್ಟೇನಾ?" ಎಂದ ಅಜ್ಜ. "ಬಾಯಿ ತೆಗಿಸು."

"ಏನು ತೆಗಿಸ್ಬೇಕು?"

"ಬಾಯಿ. ಹಲ್ಲು ನೋಡ್ಬೇಕು."

ಗೋವರ್ಧನ ಏನು ಮಾಡಬೇಕೆಂದು ತಿಳಿಯದೆ ಒಂದನ್ನು ಅಂಗೈ ಮೇಲೆ ಮಗುಚಿದ. ಅಡಿಯಲ್ಲಿ ಒತ್ತೊತ್ತಾಗಿ, ಸಾಲುಸಾಲಾಗಿ ಬಂಗಾರದ ಬಣ್ಣದ ಸಣ್ಣ ಮುಳ್ಳುಗಳು. ಓಬಯ್ಯಜ್ಜ ಕನ್ನಡಕ ಹಾಕಿಕೊಂಡ. ತೆಗೆದ. ಒರೆಸಿ ಮತ್ತೆ ಹಾಕಿಕೊಂಡ.

"ಎತ್ತಿಗೆ ಮುಂದಿನ ಎಂಟು ಹಲ್ಲಾದ್ರೆ ಬಾಯಿ ಕೂಡ್ತು, ಪ್ರಾಯಕ್ಕೆ ಬಂತು ಅಂತೀವಿ. ಇದ್ಕೆಷ್ಟವು?"

"ಒಂಬೈನೂರ ನಲವತ್ತು ಪಿನ್ನು, ಇದು ಹಸಿರು ಪುಸ್ತಕದ್ದು," ಎಂದ ಗೋವರ್ಧನ. "ನೀಲೀದಕ್ಕೆ ಆರುನೂರ ನಾಲ್ಕು."

"ಬರ್ಕೋ ಪಾಲಾಕ್ಷ," ಎಂದು ಅಜ್ಜ ಗಂಭೀರವಾಗಿ ಹೇಳಿದ. ಮಾವ ಬರೆದುಕೊಂಡ.

ಆಮೇಲೆ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ. "ಎರಡಕ್ಕೂ ಒಂದೇ ಹೊಲ ಕೊಟ್ಟು ನೋಡೀರಾ?"

ಗೋವರ್ಧನ ಟೈ ಸರಿಮಾಡಿಕೊಂಡ. ಇಷ್ಟು ದಿನ ಅಂಗಡಿಗೆ ಬಂದ ಪ್ಯಾಂಟಿನವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ ಎಂದು ಕಾಣುತ್ತದೆ. ಒಳಗಿಂದ ಒಂದು ಹಾಳೆ ತಂದ. ಎರಡಕ್ಕೂ ಒಂದೇ ಲೆಕ್ಕವನ್ನು ಬಿಡಿಸಲು ಕೊಟ್ಟರೆ ನೀಲಿಗೆ ಐವತ್ತೆರಡು ನಿಮಿಷ ಹಿಡಿಯುತ್ತಿತ್ತು, ಹಸಿರಿಗೆ ನಲವತ್ತೆಂಟು. ಅಲ್ಲದೆ ನೀಲಿ ಬೇಗ ಕಾಯುತ್ತದೆ, ತಲೆಯ ಮೇಲೆ ದೊಡ್ಡ ಫ್ಯಾನು ಬೇಕು.

"ಕೆಲಸದಾಗೆ ಏದುಸಿರು ಬಿಡೋ ಎತ್ತು," ಎಂದು ಅಜ್ಜ ನೀಲಿಯನ್ನು ತಳ್ಳಿಹಾಕಿದ. "ಹಸಿರೇ ಆಗ್ಲಿ. ಬೆಲೆ?"

ಗೋವರ್ಧನ ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ ಮುಂದಕ್ಕೆ ಚಾಚಿದ. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು. ಮಾವ ನಾಚಿಕೆಯಿಂದ, "ಅಜ್ಜಾ, ಇಲ್ಲಿ ಹಂಗೆಲ್ಲ ಇಲ್ಲ," ಎನ್ನುತ್ತಿದ್ದ. ಗೋವರ್ಧನ ಮಾತ್ರ ಟೈಯನ್ನು ಅಂಗಿಯೊಳಕ್ಕೆ ತುರುಕಿ, ತೋಳು ಮಡಚಿ, ಕೈಯನ್ನು ಟವೆಲ್ಲಿನೊಳಗೆ ಹಾಕಿಬಿಟ್ಟ. ಅವನ ಅಪ್ಪ ಶೇಂಗಾ ದಲ್ಲಾಳಿಯಂತೆ.

ಮುಂದಿನ ಕಾಲು ಗಂಟೆ ಟವೆಲ್ ಮಾತ್ರ ಅಲ್ಲಾಡುತ್ತಿತ್ತು. ಒಮ್ಮೆ ಗೋವರ್ಧನ ಕಣ್ಣು ಮುಚ್ಚಿ ತಲೆಯಾಡಿಸಿದ. ಒಮ್ಮೆ ಅಜ್ಜ "ಊಹೂಂ" ಎಂದು ಕೈ ಕಿತ್ತುಕೊಳ್ಳುವ ಹಾಗೆ ಮಾಡಿ ಕಿತ್ತುಕೊಳ್ಳಲಿಲ್ಲ. ಮಾವ ಬಗ್ಗಿ ಟವೆಲ್ಲಿನ ಅಡಿಯಿಂದ ನೋಡಲು ಹೋಗಿ ಅಜ್ಜನ ಮೊಣಕೈಯಿಂದ ಹಣೆಗೆ ಏಟು ತಿಂದ. ಕೊನೆಗೆ ಇಬ್ಬರೂ ಒಟ್ಟಿಗೆ "ಹೂಂ" ಎಂದರು. ಗೋವರ್ಧನನ ಹಣೆಯಲ್ಲಿ ಬೆವರು, ಅಜ್ಜನ ಹಣೆಯಲ್ಲಿ ಏನೂ ಇರಲಿಲ್ಲ.

ಬಸ್ಸಿನಲ್ಲಿ ಮಾವ ಕೇಳಿದ. "ಎಷ್ಟಕ್ಕಾತು ಅಜ್ಜಾ?"

"ಮಾಲು ಕೊಟ್ಟಿಗೆ ಸೇರೋ ತನ್ಕ ಬೆಲೆ ಬಾಯಿಗೆ ತರಬಾರದು. ದೃಷ್ಟಿ ಆಗ್ತೈತೆ."

"ಅಜ್ಜಾ, ಸರ್ಕಾರಕ್ಕೆ ಬರೀಬೇಕು."

"ಸರ್ಕಾರದ ಕಣ್ಣೇನು ಚೆನ್ನಾಗೈತಾ?"

ನಮ್ಮ ತಾಲ್ಲೂಕಿನ ಹಾನಗಲ್ ಬರುವ ತನಕ ಮಾವ ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದ. ಹಾನಗಲ್ ದಾಟಿದ ಮೇಲೆ ಅದನ್ನೂ ಮಾಡಿದ. ಅಜ್ಜ ಕಿಟಕಿಯಾಚೆ ನೋಡುತ್ತಾ ಕೂತ. ನಲವತ್ತೈದು ವರ್ಷದ ವ್ಯಾಪಾರ, ಒಂದು ಬಸ್ಸಿನ ದಾರಿಯಲ್ಲಿ ಮುರಿಯುವಂಥದ್ದಲ್ಲ.

ಗಡುವಿಗೆ ಒಂದೇ ದಿನ ಉಳಿದಿತ್ತು. ಮಾವ ಜೋರಾಗಿ ಹೇಳುತ್ತಾ ಹೋದ, ನಾನು ಬರೆದೆ. ಅಕ್ಷರ ಗುಂಡಗಿರುತ್ತದೆ ಎಂದು ಮಾವ ನನ್ನ ಕೈಯಲ್ಲೇ ಬರೆಸುತ್ತಾನೆ. ವರದಿ ಹೀಗಿತ್ತು.

'ಮಾನ್ಯರೇ, ಎರಡನ್ನೂ ಚಳ್ಳಕೆರೆಯಲ್ಲಿ ಖುದ್ದಾಗಿ ನೋಡಲಾಯಿತು. ನೀಲಿಯು ಹೆಜ್ಜೆಯಲ್ಲಿ ಚುರುಕು. ಹಸಿರು ನಿಧಾನವಾದರೂ ಹೆಜ್ಜೆಯೊಂದಕ್ಕೆ ಹೆಚ್ಚು ಎಳೆಯುತ್ತದೆ. ಒಂದೇ ಹೊಲ ಕೊಟ್ಟರೆ ಹಸಿರು ನಾಲ್ಕು ನಿಮಿಷ ಮೊದಲೇ ಮುಗಿಸುತ್ತದೆ. ಮೇವು: ನೀಲಿಗೆ ನೂರಹತ್ತು, ಹಸಿರಿಗೆ ತೊಂಬತ್ತು. ನೀಲಿಯು ಕೆಲಸದಲ್ಲಿ ಮೈ ಕಾಯಿಸಿಕೊಳ್ಳುವುದರಿಂದ ತಲೆಗೆ ಸದಾ ಗಾಳಿ ಬೀಸುತ್ತಿರಬೇಕು. ಹಲ್ಲು: ನೀಲಿಗೆ ಆರುನೂರ ನಾಲ್ಕು, ಹಸಿರಿಗೆ ಒಂಬೈನೂರ ನಲವತ್ತು, ಎಲ್ಲವೂ ನೆಟ್ಟಗಿವೆ. ಬೆಲೆ: ಟವೆಲ್ಲಿನ ಕೆಳಗೆ ಇತ್ಯರ್ಥವಾಗಿದೆ. ಆದ್ದರಿಂದ ಹಸಿರನ್ನೇ ಕೊಳ್ಳಲು ಶಿಫಾರಸು ಮಾಡಿದೆ.'

ಪ್ರೊಸೆಸರ್ ಎಂಬ ಶಬ್ದ ವರದಿಯಲ್ಲಿ ಎಲ್ಲೂ ಬಂದಿರಲಿಲ್ಲ. ಎರಡೂ ಪುಸ್ತಕದಲ್ಲಿ ಅದರ ಸ್ಪೆಲ್ಲಿಂಗು ಬಹಳ ಉದ್ದವಾಯಿತೆಂದು ಮಾವ ಬಿಟ್ಟಿದ್ದ. ನಾಗಭೂಷಣಪ್ಪನವರು ಮದುವೆಯೊಂದಕ್ಕೆ ಹೊರಟಿದ್ದರು. ಸ್ಕೂಟರಿನ ಸೀಟಿನ ಮೇಲೆ ಹಾಳೆ ಇಟ್ಟು, ಓದದೆ ಸಹಿ ಹಾಕಿದರು. ಅವರು ಯಾವತ್ತೂ ಓದುವುದಿಲ್ಲ. ಓದಿದರೆ ಜವಾಬ್ದಾರಿ ಬರುತ್ತದೆ ಎನ್ನುತ್ತಾರೆ.

ವರದಿಯನ್ನು ಮೊದಲು ಕೇಳಿಸಿಕೊಂಡವಳು ಪಕ್ಕದ ಹಿಟ್ಟಿನ ಗಿರಣಿಯ ಕೊಟ್ರಮ್ಮ. ಮಾವ ಜೋರಾಗಿ ಹೇಳಿ ಬರೆಸುವಾಗ ಅವಳು ಕಿಟಕಿಯ ಆಚೆ ರಾಗಿ ಕೇರುತ್ತಿದ್ದಳು. ಅರ್ಧ ಗಂಟೆಯಲ್ಲಿ ನಲ್ಲಿಯ ಹತ್ತಿರ ಕೊಡಗಳು ಸಾಲು ತಪ್ಪಿದವು.

"ಗೀತಮ್ಮಾ, ನಿಮ್ಮೆಜಮಾನ್ರು ಜೋಡೆತ್ತು ತರ್ತಾರಂತಲ್ಲೇ!"

"ನಮ್ಮನ್ಯಾಗೆ ಕೋಳಿ ಕಟ್ಟಾಕೇ ಜಾಗ ಇಲ್ಲ, ಎತ್ತು ಎಲ್ಲಿ ಕಟ್ಟಾನ?"

"ಸಂಘದ ದುಡ್ಡಿನಾಗಂತೆ. ಒಂದು ನೀಲಿ, ಒಂದು ಹಸಿರು."

"ಹಸಿರು ಎತ್ತಾ?"

"ಚಳ್ಳಕೆರ್ಯಾಗೆ ಸಿಗ್ತಾವಂತೆ," ಎಂದಳು ಕೊಟ್ರಮ್ಮ. ಚಳ್ಳಕೆರೆಯಲ್ಲಿ ಎಲ್ಲ ಸಿಗುತ್ತದೆ ಎಂದು ನಮ್ಮವರ ನಂಬಿಕೆ.

ಅತ್ತೆ ಮನೆಗೆ ಬಂದು ಟ್ರಂಕು ತೆಗೆದಳು. ಮಾವ ತಟ್ಟೆಯ ಪಕ್ಕದ ಲಗ್ನಪತ್ರಿಕೆಯನ್ನು ನೋಡಿ, ಇವತ್ತು ಯಾವ ವಿಷಯಕ್ಕೆ ಎಂದು ತಿಳಿಯದೆ, ಸುಮ್ಮನೆ ಮುದ್ದೆ ನುಂಗಿದ.

ಅತ್ತ ಮೇಲಿನ ಕಚೇರಿಯ ಟಪ್ಪಾಲು ಗುಮಾಸ್ತರು ವರದಿ ಒಡೆದರು. ಹೆಜ್ಜೆ, ಹೊಲ, ಮೇವು, ಹಲ್ಲು, ಟವೆಲ್ ಎಲ್ಲವನ್ನೂ ಓದಿದರು. ಕರ್ತವ್ಯಲೋಪ ಮಾಡುವವರಲ್ಲ. ಮೇಲುಗಡೆ ಕೆಂಪು ಶಾಯಿಯಲ್ಲಿ 'ಪಶು ವೈದ್ಯರಿಗೆ, ತಪಾಸಣೆ ಮಾಡಿ ದೃಢೀಕರಿಸಲು' ಎಂದು ಬರೆದು ಕಳಿಸಿದರು.

ಹತ್ತನೇ ದಿನ ಪಶು ಡಾಕ್ಟರು ಸಂಘದ ಬಾಗಿಲಿಗೆ ಬಂದರು. ಹಿಂದೆ ಕಾಂಪೌಂಡರು, ಅವನ ಕೈಯಲ್ಲಿ ಹಗ್ಗ. ಅವರ ಹಿಂದೆ ಕೊಟ್ರಮ್ಮ, ಅವಳ ಹಿಂದೆ ಅರ್ಧ ಬೀದಿ.

"ಎಲ್ಲಿ ಕಟ್ಟಿದೀರಿ?" ಎಂದರು ಡಾಕ್ಟರು.

ನಾಗಭೂಷಣಪ್ಪನವರು ಎದ್ದು ನಿಂತರು. "ಯಾವ್ದು ಸಾರ್? ಇಲ್ಲಿ ರೇಷ್ಮೆ ಹುಳಾನೂ ಇಲ್ಲ. ಬರೇ ನೂಲು."

"ನೀವೇ ಸಹಿ ಹಾಕಿ ಕಳಿಸಿದೀರಲ್ರೀ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಹಸಿರು ಎತ್ತು ನಾನು ನೋಡಿಲ್ಲ. ಅದಕ್ಕೇ ಬೇರೆ ಕೆಲಸ ಬಿಟ್ಟು ಬಂದೆ." ಡಾಕ್ಟರು ಕಾಗದ ಬಿಡಿಸಿದರು. "ಇಲ್ಲಿ ನೋಡಿ. ಒಂಬೈನೂರ ನಲವತ್ತು ಹಲ್ಲು. ದನದ ಬಾಯಲ್ಲಿ ಇರೋದೇ ಮೂವತ್ತೆರಡು. ಮಿಕ್ಕಿದ್ದು ಎಲ್ಲಿವೆ ಅಂತ ನಾನು ನೋಡಲೇಬೇಕು."

ಅಧ್ಯಕ್ಷರು ಕಾಗದ ಕಿತ್ತುಕೊಂಡು, ತಮ್ಮ ಜೀವನದಲ್ಲಿ ಮೊದಲ ಸಲ, ತಾವು ಸಹಿ ಹಾಕಿದ್ದನ್ನು ಓದಿದರು. ಓದುತ್ತಾ ಓದುತ್ತಾ ಕಿವಿ ಕೆಂಪಾಯಿತು.

"ಲೇ ಪಾಲಾಕ್ಷಾ! ಟವೆಲ್ ಕೆಳಗೆ ಅಂದ್ರೆ ಏನ್ಲಾ? ನಾನು ಲಂಚ ತಗಂಡೆ ಅಂತ ಬರೆದೀಯಾ?"

"ಇಲ್ರೀ, ಅಜ್ಜ ಬೆಲೆ ಹೇಳ್ಲಿಲ್ಲ..."

"ಸರ್ವರ್ ಕೇಳಿದ್ರೆ ಎತ್ತು ಬರೆದವ್ನೆ! ಮಂದಿ ಮುಂದೆ ನನ್ನ ಮಾನ ಹರಾಜು ಹಾಕ್ದೆ. ನಾಳೆಯಿಂದ ಬರಬ್ಯಾಡ ಅಂತಿದ್ದೆ. ಸರ್ವಸಭೆ ಆಗ್ಲಿ, ಅಲ್ಲೇ ಎಲ್ರ ಮುಂದೆ ಹೇಳ್ತೀನಿ."

ಮಾವ ಗೋಡೆಗೆ ಆತುಕೊಂಡ. ಹನ್ನೊಂದು ವರ್ಷದ ಹಂಗಾಮಿ ಕೂಡ ಕೈತಪ್ಪುವ ಹಾಗಿತ್ತು. ಜನರಲ್ಲಿ ಯಾರೋ, "ಹಸಿರು ಎತ್ತು ತೋರಿಸ್ರಪ್ಪಾ, ಹಾಲು ಕಾಯಾಕೆ ಇಟ್ಟು ಬಂದೀವಿ," ಎಂದರು. ಆಗ ಓಬಯ್ಯಜ್ಜ ಗುಂಪನ್ನು ಸರಿಸಿಕೊಂಡು ಬಂದು ಡಾಕ್ಟರ ಪಕ್ಕ ಕೂತ. ನೀಲಿ ಹಸಿರು ಪುಸ್ತಕಗಳನ್ನು ತರಿಸಿದ. ಹೆಜ್ಜೆಯೆಂದರೆ ಏನು, ಸಾಲೆಂದರೆ ಏನು, ಮೇವೆಂದರೆ ಏನು ಎಂದು ಒಂದೊಂದಾಗಿ ಬಿಡಿಸಿ ಹೇಳಿದ. ಡಾಕ್ಟರು ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು, ಕೊನೆಗೆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಅಂಕಿಗಳನ್ನು ತಾವೇ ತಾಳೆ ನೋಡಿದರು.

"ಅಜ್ಜ ಹೇಳೋದು ಸರಿಯಾಗಿಯೇ ಇದೆಯಲ್ರೀ," ಎಂದರು.

ಬಂದ ಮೇಲೆ ಏನಾದರೂ ಬರೆದು ಹೋಗಬೇಕು. ಬರೆದರು: 'ತಪಾಸಣೆ ಮಾಡಲಾಗಿ, ಸದರಿ ಎರಡೂ ಜಾನುವಾರುಗಳಲ್ಲ. ಆದಾಗ್ಯೂ ಹಸಿರು ಉತ್ತಮ.' ಕೆಳಗೆ ಸಹಿ, ಸೀಲು. ಕಾಂಪೌಂಡರು ಹಗ್ಗ ಸುತ್ತಿಕೊಂಡ. ಕೊಟ್ರಮ್ಮ ಮಾತ್ರ ಸಂಘದ ಹಿತ್ತಿಲಿಗೆ ಹೋಗಿ ಒಮ್ಮೆ ನೋಡಿಬಂದಳು. ದೊಡ್ಡವರು ಸೇರಿಕೊಂಡು ಎತ್ತನ್ನು ಬಚ್ಚಿಟ್ಟಿದ್ದಾರೆ ಎಂದೇ ಅವಳ ತೀರ್ಮಾನ.

ಮೂರು ವಾರ ಮಾವ ಸಂಘಕ್ಕೆ ತಲೆ ತಗ್ಗಿಸಿಕೊಂಡು ಬಂದ, ತಗ್ಗಿಸಿಕೊಂಡು ಹೋದ. ಅಧ್ಯಕ್ಷರ ಅಕ್ಕನ ಮಗ ಆಗಲೇ ಬಂದು ಮಾವನ ಕುರ್ಚಿಯ ಎತ್ತರ ನೋಡಿಕೊಂಡು ಹೋಗಿದ್ದ.

ಆಮೇಲೆ ಮೇಲಿನ ಕಚೇರಿಯ ಆದೇಶ ಬಂತು. ಏಳು ಸಂಘಗಳಲ್ಲಿ ಆರು ಸಂಘದವರು ಕಂಪನಿಯ ಪುಸ್ತಕವನ್ನೇ ನಕಲು ಮಾಡಿ ಕಳಿಸಿದ್ದರಂತೆ. ಒಬ್ಬರಂತೂ ಮುದ್ರಕರ ವಿಳಾಸವನ್ನೂ ಬಿಟ್ಟಿರಲಿಲ್ಲ. ನಿಜವಾಗಿ ಹೋಲಿಸಿ, ಮೇಲಾಗಿ ತಾಂತ್ರಿಕ ಅಧಿಕಾರಿಯೊಬ್ಬರ ಸಹಿ ಸೀಲಿನೊಂದಿಗೆ ಬಂದ ವರದಿ ನಮ್ಮದೊಂದೇ. ಆದ್ದರಿಂದ ಹಸಿರು ಮಂಜೂರಾಗಿದೆ. ವರದಿಯ ಪ್ರತಿಯನ್ನು ಮಾದರಿ ಎಂದು ಎಲ್ಲ ಸಂಘಗಳಿಗೂ ಕಳಿಸಲಾಗಿದೆ. ಬರುವ ಸೋಮವಾರ ಸಾಹೇಬರು ಸರ್ವರ್ ನಡೆಯುವುದನ್ನು ನೋಡಲು ಬರುತ್ತಾರೆ.

ಸರ್ವರ್ ಬಂತು. ಅದು ಒಳಗೆ ಸೇರಿದ ಕ್ಷಣವೇ ಓಬಯ್ಯಜ್ಜ ಬೆಲೆಯನ್ನು ಬಾಯಿ ಬಿಟ್ಟು ಹೇಳಿದ. ಕೊಟೇಶನ್ನಿಗಿಂತ ಆರು ಸಾವಿರ ಕಡಿಮೆ. ಜೋಡಿಸಲು ಬಂದ ಗೋವರ್ಧನ ಮುಖ ಮೇಲೆತ್ತಲಿಲ್ಲ. ಎಲ್ಲ ಮುಗಿಸಿ, ಗುಪ್ತ ಶಬ್ದವೊಂದನ್ನು ಹೊಡೆದರೆ ಮಾತ್ರ ಇದು ತೆರೆಯುತ್ತದೆ ಎಂದು ಹೇಳಿ, ಅದನ್ನು ಮಾವನಿಗೆ ಮಾತ್ರ ಕಲಿಸಿ ಹೋದ. ಇಷ್ಟರಲ್ಲಿ ಚಳ್ಳಕೆರೆಯ ಕಂಬಳಿ ಸಂಘದವರು, ಆ ವರದಿ ಬರೆದವನನ್ನು ನಮಗೆ ಕೊಡಿ ಎಂದು ಕೇಳುತ್ತಿದ್ದಾರೆ ಎಂಬ ಸುದ್ದಿಯೂ ಹಬ್ಬಿತು. ಇದನ್ನು ಹಬ್ಬಿಸಿದವಳೂ ಕೊಟ್ರಮ್ಮನೇ.

ಶನಿವಾರ ಸರ್ವಸಭೆ ನಡೆಯಿತು. ಮಾವನನ್ನು ತೆಗೆದುಹಾಕುವ ವಿಷಯ ಕೈಬಿಟ್ಟಾಗಿತ್ತು. ಉಳಿದದ್ದು ಖಾಯಂ ವಿಷಯ. ಹೇಗಾದರೂ ಅದನ್ನು ತಪ್ಪಿಸಬೇಕೆಂದು ನಾಗಭೂಷಣಪ್ಪನವರು ರಾತ್ರಿಯೆಲ್ಲ ಯೋಚಿಸಿದ್ದರು ಎಂದು ಕಾಣುತ್ತದೆ.

"ನ್ಯಾಯವಾಗಿ ಹೇಳ್ತೀನಿ," ಎಂದು ಶುರುಮಾಡಿದರು. "ಹೋಲಿಸಿದ್ದು ಯಾರು? ಓಬಯ್ಯಜ್ಜ. ಬೆಲೆ ಇಳಿಸಿದ್ದು ಯಾರು? ಓಬಯ್ಯಜ್ಜ. ಖಾಯಂ ಮಾಡೋದಾದ್ರೆ ಓಬಯ್ಯಜ್ಜನ್ನೇ ಮಾಡೋಣ."

ಅಜ್ಜನಿಗೆ ಎಪ್ಪತ್ತೆರಡು ವರ್ಷ. ಅವನು ಒಪ್ಪುವುದಿಲ್ಲ, ಖಾಯಂ ವಿಷಯ ಅಲ್ಲಿಗೆ ಸಾಯುತ್ತದೆ ಎಂದು ಅಧ್ಯಕ್ಷರ ಲೆಕ್ಕ.

"ಖಾಯಂ ಅಂದ್ರೆ ಗೂಟಕ್ಕೆ ಕಟ್ಟೋದು ತಾನೇ?" ಎಂದ ಅಜ್ಜ. "ಜೀವನ ಪೂರ್ತಿ ಬೇರೆಯೋರ ಗೂಟಕ್ಕೆ ಎತ್ತು ಕಟ್ಟಿಸಿದೋನು ನಾನು. ನನ್ನನ್ನೇ ಕಟ್ತೀರಾ? ಆ ಪಾಲಾಕ್ಷನ್ನ ಕಟ್ರಿ. ಒಳ್ಳೇ ಸಾಧು. ಹನ್ನೊಂದು ವರ್ಷ ಹಗ್ಗ ಇಲ್ದೆ ಬಿಟ್ಟೀರಿ, ಎಲ್ಲಾದ್ರೂ ಹೋದ್ನಾ? ಅಂಥ ನಂಬಿಕಸ್ಥ ಸಿಗಾಕಿಲ್ಲ."

ಅಜ್ಜ ಮಾವನ ಒಳ್ಳೆಯದಕ್ಕೇ ಹೇಳಿದ್ದು. ಅಧ್ಯಕ್ಷರ ಮುಖ ಅರಳಿತು.

"ಹಗ್ಗ ಇಲ್ದೇನೇ ನಿಲ್ಲೋದಾದ್ರೆ, ಅಜ್ಜಾ, ನಾವು ಹಗ್ಗಕ್ಕೆ ಯಾಕೆ ಖರ್ಚು ಮಾಡ್ಬೇಕು?"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಗು ನಿಂತ ಮೇಲೆ ಎಲ್ಲರೂ ಮಾವನ ಕಡೆ ತಿರುಗಿದರು. ಮಾವನ ಜಾಗ ಖಾಲಿಯಿತ್ತು.

ಅವನು ಹೋಗಿ ಐದು ನಿಮಿಷವಾ‌ಗಿತ್ತು. ಚಳ್ಳಕೆರೆ ದಾರಿಯ ಕೊಂಡ್ಲಹಳ್ಳಿಯಿಂದ ತನ್ನ ಅಪ್ಪ ಮೂರು ಗಂಟೆಯ ಬಸ್ಸಿಗೆ ಬರುತ್ತಿದ್ದಾನೆ, ಸಾಮಾನು ಬಹಳ ಇದೆಯಂತೆ, ಇಳಿಸಿಕೊಳ್ಳಬೇಕು ಎಂದು ಅತ್ತೆ ಬಾಗಿಲಲ್ಲಿ ನಿಂತು ಕರೆದಿದ್ದಳು. ಮಾವ ನನ್ನ ಕಿವಿಯಲ್ಲಿ, "ಈಗ ಬರ್ತೀನಿ," ಎಂದು ಹೇಳಿ ಜಾರಿಕೊಂಡಿದ್ದ. ಹಗ್ಗದ ಮಾತನ್ನು ಅವನು ಕೇಳಿಸಿಕೊಂಡೇ ಇರಲಿಲ್ಲ.

"ಎಲ್ಲೋದ ಅವನು?" ಎಂದರು ಅಧ್ಯಕ್ಷರು. ನಗು ಇನ್ನೂ ಮುಖದಲ್ಲೇ ಇತ್ತು. "ಏ ಹುಡುಗಿ, ನಿಮ್ಮ ಮಾವ ಎಲ್ಲೋದ?"

ಅಷ್ಟು ಜನ ಒಟ್ಟಿಗೆ ನನ್ನ ಕಡೆ ನೋಡಿದ್ದು ಅದೇ ಮೊದಲು. ರಾಟೆ ನಿಂತಿತು.

"ಬಸ್‌ಸ್ಟ್ಯಾಂಡಿಗೆ," ಎಂದೆ.

"ಬಸ್‌ಸ್ಟ್ಯಾಂಡಿಗಾ? ಯಾವ ಬಸ್ಸು?"

"ಚಳ್ಳಕೆರೆ ಬಸ್ಸು."

ಅವರು ಕೇಳಿದ್ದು ಅಷ್ಟೇ. ನಾನು ಹೇಳಿದ್ದೂ ಅಷ್ಟೇ. ಬಸ್ಸು ಹೋಗುವುದೋ ಬರುವುದೋ ಎಂದು ಅವರು ಕೇಳಲಿಲ್ಲ.

"ಕಂಬಳಿ ಸಂಘ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಮಾನಸ್ಥ ಕಣಪ್ಪಾ, ಎದ್ದೇ ಹೋದ!" ಎಂದರು ಇನ್ನೊಬ್ಬರು. "ಆ ಗುಪ್ತ ಶಬ್ದ ಯಾರಿಗಾದ್ರೂ ಗೊತ್ತೈತಾ?" ಎಂದು ಮೂರನೆಯವರು ಕೇಳಿದರು. ಸೋಮವಾರ ಸಾಹೇಬರು ಬರುವವರಿದ್ದರು. ಎಲ್ಲರೂ ಮೇಜಿನ ಮೇಲೆ ಕಪ್ಪಗೆ ಕೂತಿದ್ದ ಸರ್ವರನ್ನು ನೋಡಿದರು. ಅಧ್ಯಕ್ಷರು ತಮ್ಮ ಅಕ್ಕನ ಮಗನನ್ನು ನೋಡಿದರು. ಅಕ್ಕನ ಮಗ ಫ್ಯಾನು ನೋಡಿದ.

ನಾಗಭೂಷಣಪ್ಪನವರು ನಡಾವಳಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದರು. ಹಿಂದೆ ಕಮಿಟಿ, ಹಿಂದೆ ಸದಸ್ಯರು, ಅವರ ಹಿಂದೆ ಓಬಯ್ಯಜ್ಜ, ಮಾವ ಮರೆತುಹೋಗಿದ್ದ ಛತ್ರಿ ಹಿಡಿದುಕೊಂಡು ನಾನು. ನಮ್ಮ ಊರಿನ ದೊಡ್ಡವರು ಓಡುವುದನ್ನು ಯಾರೂ ನೋಡಿರಲಿಲ್ಲ. ಅಂಗಡಿಯವರು ಏನೋ ಅನಾಹುತವೆಂದು ಬಾಗಿಲು ಎಳೆದುಕೊಂಡರು.

ಚಳ್ಳಕೆರೆ ಬಸ್ಸು ನಿಂತಿತ್ತು. ಮಾವ ಅದರ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು, ಎರಡೂ ಕೈಯಲ್ಲಿ ಚೀಲವೊಂದನ್ನು ಹಿಡಿದುಕೊಂಡು ಒಳಗೆ ಮುಖ ಹಾಕಿದ್ದ.

"ಇಳಿಯಪ್ಪಾ ಪಾಲಾಕ್ಷ!" ಎಂದರು ಅಧ್ಯಕ್ಷರು, ಏದುಸಿರು ಬಿಡುತ್ತಾ. "ಒಂದು ಮಾತಿಗೆ ಊರು ಬಿಡ್ತಾರೇನಪ್ಪಾ?"

ಹನ್ನೊಂದು ವರ್ಷದಲ್ಲಿ ಅವರು ಮಾವನಿಗೆ 'ಅಪ್ಪಾ' ಎಂದದ್ದು ಇದೇ ಮೊದಲು. ಮಾವ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ.

"ಅಲ್ರೀ, ನಾನು ಚೀಲ..."

"ಚೀಲ ಕೆಳಗಿಡು, ಮೊದ್ಲು ಚೀಲ ಕೆಳಗಿಡು." ಅಧ್ಯಕ್ಷರು ಕಂಡಕ್ಟರನ ಟಿಕೆಟ್ ಪೆಟ್ಟಿಗೆ ಇಸಿದುಕೊಂಡು, ಅದರ ಮೇಲೆ ಪುಸ್ತಕ ಬಿಡಿಸಿ, 'ಪಾಲಾಕ್ಷ, ಇಂದಿನಿಂದ ಖಾಯಂ' ಎಂದು ಬರೆದು ಸಹಿ ಹಾಕಿದರು. ಈ ಸಲ ಹಾಕುವ ಮುಂಚೆ ಎರಡು ಸಲ ಓದಿದರು. ಕಮಿಟಿಯ ಐವರೂ ಅಲ್ಲೇ ಸಹಿ ಹಾಕಿದರು. ಕಂಡಕ್ಟರು ಸಾಕ್ಷಿ ಬೇಕಾ ಎಂದು ಕೇಳಿ ತಾನೂ ಪೆನ್ನು ತೆಗೆದ.

ಮಾವ ಪುಸ್ತಕವನ್ನು ನೋಡಿದ, ಅವರನ್ನು ನೋಡಿದ, ನನ್ನನ್ನು ನೋಡಿದ. ನಾನು ಛತ್ರಿಯ ಕಡ್ಡಿ ಎಣಿಸುತ್ತಿದ್ದೆ.

ಅಷ್ಟರಲ್ಲಿ ಬಸ್ಸಿನೊಳಗಿಂದ ಗೀತಮ್ಮತ್ತೆಯ ಅಪ್ಪ ಗಾದ್ರಪ್ಪ ಇಳಿದ. ಕೊರಳಿಗೆ ಎರಡು ಜೊತೆ ಗೆಜ್ಜೆಸರ, ಹೆಗಲಿಗೆ ಹೊಸ ಮೂಗುದಾರ, ಕಂಕುಳಲ್ಲಿ ಕೊಂಬಿನ ಹಿತ್ತಾಳೆ ಕಳಸ. ಕೊಂಡ್ಲಹಳ್ಳಿಯ ತನಕ ಹೋಗುವಷ್ಟರಲ್ಲಿ ಕೊಟ್ರಮ್ಮನ ಸುದ್ದಿ ಇನ್ನಷ್ಟು ಕೊಬ್ಬಿತ್ತು. ಅಳಿಯ ಜೋಡೆತ್ತು ಕಟ್ಟಿದನೆಂದು ಗಾದ್ರಪ್ಪ ಉಡುಗೊರೆ ತಂದಿದ್ದ. ಸೇರಿದ್ದ ಜನವನ್ನೆಲ್ಲ ನೋಡಿ, ಇದು ಎತ್ತು ನೋಡಲು ಬಂದ ಗುಂಪೇ ಎಂದುಕೊಂಡು ಖುಷಿಯಾದ.

"ಎಲ್ಲಪ್ಪಾ ಅಳಿಯಾ, ಎತ್ತು ಎಲ್ಲಿ?"

ಓಬಯ್ಯಜ್ಜ ಮುಂದೆ ಬಂದು ಗಾದ್ರಪ್ಪನ ಕೊರಳಿನ ಗೆಜ್ಜೆಸರವೊಂದನ್ನು ತೆಗೆದು ಮಾವನ ಹೆಗಲ ಮೇಲೆ ಹಾಕಿದ.

"ಸದ್ಯಕ್ಕೆ ಒಂದೇ ಐತೆ, ಗಾದ್ರಪ್ಪ. ಈಗ ತಾನೇ ಕಟ್ಟಿದ್ರು."